ಅಮ್ಮನ ನಂಬರು

ಜನವರಿ 12

ಅಕ್ಕನಿಗೆ ನಮಸ್ಕಾರ.

ನಿನ್ನೆ ಅಮ್ಮನ ಹೆಸರಿಗೆ ಒಂದು ಕಾಗದ ಬಂತು. ಅಮ್ಮ ಹೋಗಿ ಇಷ್ಟು ವರ್ಷವಾದ ಮೇಲೆ ಅವಳಿಗೆ ಬರೆಯುವವರು ಯಾರಪ್ಪಾ ಎಂದು ಒಡೆದು ನೋಡಿದರೆ ಆಸ್ಪತ್ರೆಯವರು. ಕೊನೆಯಲ್ಲಿ ಅವಳನ್ನು ಸೇರಿಸಿದ್ದೆವಲ್ಲ, ಈಗ ನಿಮ್ಮೂರಲ್ಲೂ ಶಾಖೆ ತೆಗೆದಿದ್ದಾರಲ್ಲ, ಅದೇ ದೊಡ್ಡ ಆಸ್ಪತ್ರೆ. ಅವರ ಕಂಪ್ಯೂಟರಿಗೆ ಕಳ್ಳರು ನುಗ್ಗಿ, ರೋಗಿಗಳ ದಾಖಲೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಇಂಟರ್‌ನೆಟ್ಟಿನಲ್ಲಿ ಹರವಿಬಿಟ್ಟಿದ್ದಾರಂತೆ. "ತಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಅಮ್ಮನ ಹತ್ತಿರ ಕ್ಷಮೆ ಕೇಳಿದ್ದಾರೆ. ಅಮ್ಮನಿಗೆ ಇನ್ನು ಯಾವ ಅನಾನುಕೂಲವೂ ಇಲ್ಲ. ಅನಾನುಕೂಲ ಆಗಿರುವುದು ನನಗೆ.

ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ನನ್ನ ಕಿವಿ ಕೈಕೊಟ್ಟಿದೆ. ಎರಡೂ. ಕಳೆದ ವರ್ಷ ಯಾರಿಗೂ ಹೇಳದೆ ಅದೇ ಆಸ್ಪತ್ರೆಗೆ ಹೋಗಿ, ಅಮ್ಮನ ಹಳೆಯ ನೋಂದಣಿ ನಂಬರು ಕೊಟ್ಟು ಪರೀಕ್ಷೆ ಮಾಡಿಸಿಕೊಂಡು ಬಂದೆ. ಹೊಲಿಗೆ ಕಾರ್ಖಾನೆಯಲ್ಲಿ ಇಷ್ಟು ವರ್ಷ ಮಷೀನುಗಳ ಮಧ್ಯೆ ತಲೆ ಇಟ್ಟು ರಿಪೇರಿ ಮಾಡಿದ್ದರ ಬಹುಮಾನ ಎಂದು ಡಾಕ್ಟರು ಹೇಳಿದರು. ಹೇಳಿದರು ಅಂದರೆ, ಚೀಟಿಯ ಮೇಲೆ ಬರೆದು ತೋರಿಸಿದರು. ನನ್ನ ಹೆಂಡತಿಗೂ ಹೇಳಿಲ್ಲ. ಸದ್ದು ಕೇಳಿಯೇ ಮಷೀನಿನ ರೋಗ ಹೇಳುವ ಮೆಕ್ಯಾನಿಕ್ಕು ನಾನು. ಕಿವುಡು ಎಂದು ಗೊತ್ತಾದರೆ ನನ್ನ ಕಥೆ ಮುಗಿಯಿತು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ವರದಿ ಜಗಜ್ಜಾಹೀರಾಗಿದೆ. ಹೊಸ ವರ್ಷದ ಮೊದಲ ವಾರದಲ್ಲೇ ಮ್ಯಾನೇಜರು ನನ್ನನ್ನು ಹೊಲಿಗೆ ಹಾಲಿನಿಂದ ಎತ್ತಿ ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಕಾರಣ ಕೇಳಿದರೆ ಬೆನ್ನು ತಟ್ಟಿದರು. ಅವರು ಅದನ್ನು ನೋಡಿಯೇ ನೋಡಿದ್ದಾರೆ.

ಅರ್ಜಿ ಹಾಕಿದರೆ ಪರಿಹಾರ ಕೊಡುತ್ತಾರಂತೆ. ಎರಡು ದರ್ಜೆ. ಮೊದಲನೆಯದು ಎಲ್ಲರಿಗೂ ಒಂದೇ ಸಮ, ಸಣ್ಣದು. ಎರಡನೆಯದು ದೊಡ್ಡದು. ಆದರೆ ನಮ್ಮ ಕಾಯಿಲೆಯ ವಿಷಯ ಈ ಸೋರಿಕೆಯಿಂದಲೇ ಇನ್ನೊಬ್ಬರಿಗೆ ತಿಳಿಯಿತು, ಅದರಿಂದ ಇಂಥ ನಷ್ಟವಾಯಿತು ಎಂದು ತೋರಿಸಬೇಕು. ಹಾಗೆ ತಿಳಿದುಕೊಂಡವರು ಒಬ್ಬರಾದರೂ ಸಹಿ ಹಾಕಿ ಹೇಳಿಕೆ ಕೊಡಬೇಕು. ಮ್ಯಾನೇಜರು ಕೊಡುವುದಿಲ್ಲ. ನೀನು ಕೊಡು. ನಿನಗೆ ಇಷ್ಟು ದಿನ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಕಳ್ಳತನ ಆಗದಿದ್ದರೆ ನಾನು ಹೇಳುತ್ತಲೂ ಇರಲಿಲ್ಲ. ಅಲ್ಲಿಗೆ ಸರಿಹೋಯಿತು. ಏಪ್ರಿಲ್ ಕೊನೆಯವರೆಗೆ ಸಮಯವಿದೆ.

ನೀನೂ ಅಮ್ಮನ ನಂಬರಿನಲ್ಲೇ ಇದ್ದೀಯಲ್ಲ, ಆಗ ಮಕ್ಕಳೆಂದು ಇಬ್ಬರನ್ನೂ ಅದರಲ್ಲಿ ಸೇರಿಸಿದ್ದರು. ನಿನಗೂ ಏನಾದರೂ ಇದ್ದರೆ ಹೇಳು, ನಿನ್ನದೂ ಅರ್ಜಿ ಹಾಕೋಣ. ಆರೋಗ್ಯ ಹೇಗಿದೆ? ಇದ್ದದ್ದು ಇದ್ದ ಹಾಗೆ ಬರೆ.

ನಿನ್ನ ತಮ್ಮ


ಜನವರಿ 20

ತಮ್ಮನಿಗೆ ಆಶೀರ್ವಾದ.

ಕಾಗದ ಸಿಕ್ಕಿತು. ಉತ್ತರ ತಡವಾಯಿತು. ಹಾಸ್ಟೆಲ್ಲಿನ ನೀರಿನ ಪಂಪು ಸುಟ್ಟುಹೋಗಿ, ಎರಡನೇ ಮಹಡಿಯ ಹುಡುಗಿಯರು ಖಾಲಿ ಬಕೆಟ್ಟು ಹಿಡಿದು ನನ್ನ ಕೋಣೆಯ ಮುಂದೆ ಮೆರವಣಿಗೆ ಬಂದಿದ್ದರು. ವಾರ್ಡನ್ ಅಂದರೆ ನೀರು ಹೊರುವವಳು ಎಂದು ತಿಳಿದಿದ್ದಾರೆ.

ಕಿವಿಯ ವಿಷಯ ಓದಿ ಬೇಜಾರಾಯಿತು. ಡಾಕ್ಟರು ಯಂತ್ರ ಕೊಟ್ಟಿದ್ದರೆ ಹಾಕಿಕೋ. ಡಬ್ಬಿಯಲ್ಲಿಟ್ಟು ಬೀರುವಿಗೆ ಕೇಳಿಸಲಿ ಎಂದು ಕೊಡುವುದಿಲ್ಲ ಅದನ್ನು. ನಿನ್ನ ಮ್ಯಾನೇಜರು ರಜೆ ಅರ್ಜಿಯನ್ನೇ ಓದುವುದಿಲ್ಲ ಎಂದು ನೀನೇ ಬರೆಯುತ್ತಿದ್ದೆ. ಅಂಥವರು ಕಳ್ಳರು ಹರವಿದ ಕಾಗದದಲ್ಲಿ ನಿನ್ನ ಕಿವಿಯನ್ನು ಹುಡುಕುತ್ತಾ ಕೂರುತ್ತಾರೆಯೇ?

ಸಹಿ ನಾನು ಹಾಕುವುದಿಲ್ಲ. ಮುಖ ಊದಿಸಿಕೊಳ್ಳಬೇಡ. ಹುಡುಗಿಯರ ರಜೆಚೀಟಿಯಲ್ಲಿ "ಅಜ್ಜಿಗೆ ಹುಷಾರಿಲ್ಲ" ಎಂದು ಓದಿ ಓದಿ ನನಗೆ ಸುಳ್ಳಿನ ವಾಸನೆ ಬೇಗ ಬಡಿಯುತ್ತದೆ. ಕಾರ್ಖಾನೆಯಲ್ಲಿ ಅಷ್ಟು ಜನ ಇದ್ದಾರೆ. ಮೊದಲು ಗೊತ್ತಿಲ್ಲದೆ, ಈಗ ಈ ಕಳ್ಳತನದಿಂದಲೇ ಗೊತ್ತಾದವರು ಯಾರಾದರೂ ಇದ್ದರೆ ಹುಡುಕು. ಅಂಥ ಒಬ್ಬರು ಸಿಕ್ಕರೆ ಅವರೇ ನಿಜವಾದ ಸಾಕ್ಷಿ.

ನನಗೆ ಯಾವ ಕಾಗದವೂ ಬಂದಿಲ್ಲ. ಬರುವುದಕ್ಕೆ ಅಮ್ಮ ಹೋದ ಮೇಲೆ ನಾನು ಆ ಆಸ್ಪತ್ರೆಯ ಮೆಟ್ಟಿಲೇ ಹತ್ತಿಲ್ಲ. ನನಗಿರುವುದು ಮೊಣಕಾಲು ನೋವು. ಅದನ್ನು ಯಾವನಾದರೂ ಕದ್ದುಕೊಂಡು ಹೋದರೆ ನಾನೇ ಅವನಿಗೆ ಪರಿಹಾರ ಕೊಟ್ಟೇನು.

ಅಂದ ಹಾಗೆ, ಅಮ್ಮನ ಹೆಸರಿನ ಆ ಕಾಗದದಲ್ಲಿ ನಿನ್ನ ಕಿವಿಯದ್ದು ಬಿಟ್ಟು ಬೇರೆ ಏನಾದರೂ ಇತ್ತೇ? ಸುಮ್ಮನೆ ಕೇಳಿದೆ.

ಅಕ್ಕ


ಫೆಬ್ರವರಿ 2

ಅಕ್ಕನಿಗೆ ನಮಸ್ಕಾರ.

ಇಲ್ಲ, ಆ ಕಾಗದದಲ್ಲಿ ನನ್ನದೊಂದೇ ಇತ್ತು.

ನೀನು ಹೇಳಿದ ಹಾಗೆ ಸಾಕ್ಷಿ ಹುಡುಕಲು ಹೊರಟೆ. ಆದ ಮರ್ಯಾದೆಯನ್ನು ಕೇಳು.

ಮೊದಲು ಕಾಲರಮ್ಮನ ಹತ್ತಿರ ಹೋದೆ. ಅಂಗಿಯ ಕಾಲರು ಹೊಲಿಯುತ್ತಾಳೆ, ಅದಕ್ಕೇ ಎಲ್ಲರ ಬಾಯಲ್ಲೂ ಕಾಲರಮ್ಮ. ಹೊಲಿಗೆ ಹಾಲಿನಲ್ಲಿ ಎಲ್ಲರಿಗಿಂತ ಹಿರಿಯಳು. "ನನ್ನ ಕಿವಿ ವಿಷಯ ನಿಮಗೆ ಹೋದ ತಿಂಗಳು ತಾನೇ ಗೊತ್ತಾಗಿದ್ದು?" ಎಂದೆ. ಅವಳು ಹೊಲಿಗೆ ನಿಲ್ಲಿಸಿ ನನ್ನ ಮುಖಕ್ಕೆ ಎದುರಾಗಿ ತಿರುಗಿ, "ಅಯ್ಯೋ ಅಣ್ಣಾ, ಅದೇನು ಇವತ್ತಿನ ವಿಷಯನಾ? ನೀವು ಬಂದಾಗೆಲ್ಲ ನಾವು ಟೇಬಲ್ ಕುಟ್ತೀವಲ್ಲ, ಯಾಕೆ ಅಂದ್ಕೊಂಡಿದ್ರಿ?" ಎಂದಳು. ಕೆಲಸದ ಖುಷಿಗೆ ತಾಳ ಹಾಕುತ್ತಾರೆ ಎಂದುಕೊಂಡಿದ್ದೆ ಎಂದೆ. ಆ ಸಾಲಿಗೆ ಸಾಲೇ ನಕ್ಕಿತು. ನಗು ಕೇಳಿಸದಿದ್ದರೂ ಕಾಣಿಸುತ್ತದೆ.

ಗೇಟಿನ ಕಾವಲಿನವನು ದಿನಾ ಕೈ ಎತ್ತುತ್ತಿದ್ದದ್ದು ನನಗೆ ಸಲಾಮು ಎಂದು ನಾನು ಬೀಗುತ್ತಿದ್ದೆ. ಹಿಂದೆ ಲಾರಿ ಬರುತ್ತಿದೆ, ಪಕ್ಕಕ್ಕೆ ಸರಿ ಎಂದಂತೆ ಅದು. ಮನೆಯಲ್ಲಿ ಹೆಂಡತಿಗೆ ವಿಷಯ ತಿಳಿಸಿದರೆ, "ನಮ್ಮನೆ ಟೀವಿ ಸೌಂಡಲ್ಲಿ ಪಕ್ಕದ ಮನೆಯವರು ಧಾರಾವಾಹಿ ಕೇಳ್ತಾರೆ, ನನಗೆ ಗೊತ್ತಾಗಲ್ವಾ?" ಎಂದಳು. ಅವಳು ಯಾವಾಗಲೂ ನನ್ನ ಎದುರಿಗೇ ಬಂದು ನಿಂತು ಮಾತಾಡುವುದು ಪ್ರೀತಿಗೆ ಎಂದುಕೊಂಡಿದ್ದೆ. "ಅದೂ ಹೌದು" ಎಂದಳು.

ಕೊನೆಗೆ ಮ್ಯಾನೇಜರ ಹತ್ತಿರವೇ ಹೋದೆ. "ಸ್ಟೋರಿಗೆ ಹಾಕಿದ್ದು ಕಿವಿಗಲ್ಲ ಕಣ್ರೀ, ಬೆರಳಿಗೆ" ಎಂದರು. ಇದನ್ನೂ ನಿನಗೆ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಒಂದು ಮಷೀನಿನ ಕೆಳಗೆ ಕೈ ಇಟ್ಟಿದ್ದೆ. ಅದರಲ್ಲಿ ಹೊಲಿಯುವ ಹುಡುಗಿ "ಸ್ಟಾರ್ಟ್ ಮಾಡ್ಲಾ?" ಎಂದು ಕೂಗಿ ಕೇಳಿದಳಂತೆ. ನಾನು ತಲೆಯಾಡಿಸಿದೆ. ಸೂಜಿ ತೋರುಬೆರಳಿನ ತುದಿಯಲ್ಲಿ ತೂರಿ ಹೋಯಿತು. ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಎಂದೆ. ನನ್ನ ಬೆರಳು ವಾಸಿಯಾಯಿತು. ಆ ಹುಡುಗಿ ಎಷ್ಟೋ ದಿನ ಪೆಡಲ್ ಮೇಲೆ ಕಾಲಿಡಲು ಹೆದರುತ್ತಿದ್ದಳಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಕೇಳಿಸದಿದ್ದಾಗೆಲ್ಲ ತಲೆಯಾಡಿಸುವುದು ನನಗೆ ಅಭ್ಯಾಸವಾಗಿದೆ ಅಕ್ಕಾ. ಇಷ್ಟು ವರ್ಷ ಏನೇನಕ್ಕೆ ಹೂಂ ಎಂದಿದ್ದೇನೋ.

ಒಟ್ಟಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ನಾನೊಬ್ಬನೇ ಕಷ್ಟಪಟ್ಟು ಮುಚ್ಚಿಟ್ಟಿದ್ದೆ. ಕಳ್ಳರು ಕದ್ದಿದ್ದು ಯಾರಿಗೂ ಬೇಡದ ಮಾಲು. ಆದ್ದರಿಂದ ಕೇಳುತ್ತೇನೆ, ನಿನಗೆ ಯಾವಾಗಿನಿಂದ ಗೊತ್ತು?

ಸ್ಟೋರಿನಲ್ಲಿ ಕೆಲಸ ಕಡಿಮೆ, ರಜೆ ಸಲೀಸು. ಈ ತಿಂಗಳು ಬಂದುಹೋಗಲೇ? ಮೊಣಕಾಲನ್ನು ಯಾರಿಗಾದರೂ ತೋರಿಸಿದೆಯಾ? ನೋವು ಮೊಣಕಾಲಿನಲ್ಲಿ ಮಾತ್ರವೇ?

ನಿನ್ನ ತಮ್ಮ


ಫೆಬ್ರವರಿ 11

ತಮ್ಮನಿಗೆ ಆಶೀರ್ವಾದ.

ಬೆರಳಿನ ವಿಷಯ ಓದಿ ಸಿಟ್ಟು ಬಂತು. ಇಲ್ಲಿಂದಲೇ ಕಿವಿ ಹಿಂಡೋಣ ಎಂದರೆ ಅದೂ ಕೆಟ್ಟಿದೆ.

ಕೇಳಿದ್ದೀಯ, ಹೇಳುತ್ತೇನೆ. ನಮ್ಮ ಹಾಸ್ಟೆಲ್ಲಿನ ಹಳೆಯ ಅಡುಗೆಯಾಕೆ ನೆನಪಿದ್ದಾಳಾ? ನೀನು ಬಂದಾಗೆಲ್ಲ ನಿನಗೆಂದು ಬೇರೆಯಾಗಿ ಎತ್ತಿಡುತ್ತಿದ್ದಳು. ಅವಳು ಹೋದ ದಿನ ನಿನಗೆ ಫೋನು ಮಾಡಿದೆ. "ನಮ್ಮ ಅಡುಗೆಯಾಕೆ ಬೆಳಿಗ್ಗೆ ತೀರಿಕೊಂಡಳು ಕಣೋ" ಎಂದೆ. ನೀನು ಖುಷಿಯಾಗಿ, "ಒಳ್ಳೇದಾಯ್ತು ಬಿಡು, ಎಷ್ಟು ದಿನದಿಂದ ಕಾಯ್ತಿದ್ದೆ ಪಾಪ" ಎಂದೆ. ನನಗೆ ಸಂಬಳ ಹೆಚ್ಚಾಯಿತು ಎಂದು ನಿನಗೆ ಕೇಳಿಸಿತ್ತೋ ಏನೋ. ನಾನು ಅಳುತ್ತಿದ್ದೇನೆ, ನೀನು ಅಭಿನಂದನೆ ಹೇಳುತ್ತಿದ್ದೀಯ. ಇನ್ನೊಂದು ಸಲ ಹೇಳಿದೆ. "ಹೂಂ ಹೂಂ, ಸಿಹಿ ಹಂಚು" ಎಂದೆ ನೀನು. ಆಗ ನನಗೆ ಅರ್ಥವಾಯಿತು.

ಆ ವಾರವೇ, ನನಗೆ ಫೋನು ಆಗಿಬರುವುದಿಲ್ಲ, ಕಿವಿ ಬಿಸಿಯಾಗುತ್ತದೆ, ಇನ್ನು ಮೇಲೆ ಕಾಗದ ಬರೆಯೋಣ ಎಂದು ನಿನಗೆ ಬರೆದೆ. ನೀನು ಅದನ್ನು ನಂಬಿದ್ದಲ್ಲದೆ, ನಮ್ಮಕ್ಕ ಹಳೇ ಕಾಲದವಳು, ಫೋನು ಕಂಡರಾಗದು ಎಂದು ಊರಿಗೆಲ್ಲ ಟಾಂ ಟಾಂ ಮಾಡಿದೆ. ನನಗೆ ಫೋನು ಅಂದರೆ ಬಹಳ ಇಷ್ಟ. ಇಲ್ಲಿ ಹುಡುಗಿಯರ ಅಪ್ಪ ಅಮ್ಮಂದಿರ ಜೊತೆ ಇಡೀ ದಿನ ಅದರಲ್ಲೇ ಇರುತ್ತೇನೆ. ನಿನಗಾಗಿ ಇಷ್ಟು ವರ್ಷ ಅಂಚೆಚೀಟಿ ನೆಕ್ಕಿದ್ದೇನೆ.

ಹೀಗಿರುವಾಗ ಈಗ ಗೊತ್ತಾಯಿತು ಎಂದು ನಾನು ಹೇಗೆ ಸಹಿ ಹಾಕಲಿ? ನಿನ್ನ ಟ್ರಂಕಿನಲ್ಲಿರುವ ನನ್ನ ಒಂದೊಂದು ಕಾಗದವೂ ನನಗೆ ಮೊದಲೇ ಗೊತ್ತಿತ್ತು ಎನ್ನುತ್ತದೆ.

ಈ ತಿಂಗಳು ಬರುವುದು ಬೇಡ. ಹಾಸ್ಟೆಲ್ ತಪಾಸಣೆಗೆ ಬರುತ್ತಾರೆ, ಗೋಡೆಗೆ ಸುಣ್ಣ ಬಳಿಸಬೇಕು, ಆಮೇಲೆ ಪರೀಕ್ಷೆ. ಮೊಣಕಾಲು ಮೊಣಕಾಲಿನ ಜಾಗದಲ್ಲೇ ಇದೆ. ನೀನೇನು ಇತ್ತೀಚೆಗೆ ವಿಮೆ ಏಜೆಂಟರ ಹಾಗೆ ಆರೋಗ್ಯ ವಿಚಾರಿಸುವುದು?

ಅಕ್ಕ


ಫೆಬ್ರವರಿ 18

ಅಕ್ಕಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ತೀರ್ಮಾನಿಸಿಯೇ ಬರೆಯುತ್ತಿದ್ದೇನೆ. ಹಾಗಿದ್ದರೆ ಮಾತ್ರ ಕೈ ಓಡುತ್ತದೆ.

ಅಮ್ಮನ ಹೆಸರಿಗೆ ಬಂದ ಕಾಗದದಲ್ಲಿ ಎರಡು ಸಾಲಿದ್ದವು. ಈ ನಂಬರಿನಲ್ಲಿ ಹೊರಬಿದ್ದಿರುವ ದಾಖಲೆಗಳು ಎಂದು ಶಿರೋನಾಮೆ. ಮೊದಲ ಸಾಲು, ಮಗ: ಶ್ರವಣ ಪರೀಕ್ಷೆಯ ವರದಿ. ಎರಡನೆಯ ಸಾಲು, ಮಗಳು: ಸ್ತನದ ಗಡ್ಡೆ, ಸೂಜಿ ಪರೀಕ್ಷೆಯ ವರದಿ, ಶಸ್ತ್ರಚಿಕಿತ್ಸೆಯ ದಿನಾಂಕ ರೋಗಿಯ ಕೋರಿಕೆಯಂತೆ ರದ್ದು, ಎರಡು ಸಲ.

ಬಾಗಿಲಲ್ಲೇ ನಿಂತು ಓದಿದೆ. ನನ್ನ ಸಾಲನ್ನು ನಾನು ಆಮೇಲೆ ಓದಿದೆ.

ನಿಮ್ಮೂರಿನ ಶಾಖೆಯಲ್ಲಿ ನೀನು ಅಮ್ಮನ ನಂಬರು ಕೊಟ್ಟಿರಬೇಕು. ಹಳೆಯ ನಂಬರಿದ್ದರೆ ನೋಂದಣಿ ಶುಲ್ಕ ಇಲ್ಲವಲ್ಲ. ನಾನೂ ಅದಕ್ಕೇ ಕೊಟ್ಟಿದ್ದೆ. ಒಂದೇ ತಾಯಿಯ ಮಕ್ಕಳು. ಇಬ್ಬರೂ ಶುಲ್ಕ ಉಳಿಸಿ ಒಂದೇ ಲಕೋಟೆಯಲ್ಲಿ ಸಿಕ್ಕಿಬಿದ್ದೆವು.

ನನಗೆ ಬೇರೇನೂ ಬೇಕಿರಲಿಲ್ಲ. ನನ್ನ ಗುಟ್ಟನ್ನು ಮೊದಲು ಬಿಚ್ಚಿಟ್ಟರೆ ನೀನೂ ನಿನ್ನದನ್ನು ಹೇಳುತ್ತೀ ಎಂದುಕೊಂಡಿದ್ದೆ. ನೀನು ಮೊಣಕಾಲು ಎಂದೆ. ಬೇರೆ ಏನಾದರೂ ಇತ್ತೇ ಎಂದು ನೀನು ಕೇಳಿದಾಗ ಹೌದು ಎಂದು ಬರೆದೆ, ಹರಿದೆ, ಇಲ್ಲ ಎಂದು ಬರೆದೆ. ಆ ಪದವನ್ನು ತಮ್ಮನಾದವನು ಅಕ್ಕನಿಗೆ ಹೇಗೆ ಬರೆಯುತ್ತಾನೆ? ನಿನಗೂ ಅದೇ ಅಡ್ಡ ಬಂದಿರಬೇಕು. ತಂಗಿ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ, ಅಲ್ಲವಾ?

ಎರಡು ಸಲ ಏಕೆ ರದ್ದು ಮಾಡಿದೆ ಅಕ್ಕಾ? ನೀನು ಹೋಗಿಬಿಟ್ಟರೆ ನನಗೆ ಯಾರಿದ್ದಾರೆ ಬೈಯುವುದಕ್ಕೆ? ಕಾಯಿಲೆಯವಳು ನೀನು, ದಿನಾ ಹೆದರಿ ಸಾಯುತ್ತಿರುವವನು ನಾನು. ಬೈದುಕೊಂಡಾದರೂ ಸರಿ, ಬೇಗ ಕುಯ್ಯಿಸಿಕೋ.

ಇದನ್ನು ಸ್ಟೋರಿನಲ್ಲಿ ದಾರ ಸುತ್ತುವ ಬಾಬಿನ್ ಡಬ್ಬಿಯ ಅಡಿಯಲ್ಲಿ ಇಡುತ್ತೇನೆ.


ಫೆಬ್ರವರಿ 19

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಅಡುಗೆಯಾಕೆಯ ವಿಷಯಕ್ಕೆ ಕ್ಷಮಿಸು. ಎರಡನೇ ದರ್ಜೆಯ ಅರ್ಜಿ ಬಿಟ್ಟೆ. ನನಗೆ ಯಾರ ಸಹಿಯೂ ಬೇಡ. ಮುಂದಿನ ಭಾನುವಾರ ಬರುತ್ತೇನೆ. ಬೇಡ ಎನ್ನಬೇಡ.

ನಿನ್ನ ತಮ್ಮ


ಮಾರ್ಚ್ 1

ತಮ್ಮನಿಗೆ ಆಶೀರ್ವಾದ.

ಬರಬೇಡ ಎಂದು ತಂತಿಯ ಹಾಗೆ ಒಂದು ಸಾಲು ಬರೆದು ಹಾಕಿದ್ದು ನಿನಗೆ ಸಿಕ್ಕಿರಬೇಕು, ನೀನು ಬರಲಿಲ್ಲ. ಬರಬೇಡ ಎಂದವಳೇ ಆ ಭಾನುವಾರ ಮೂರು ಸಲ ಗೇಟಿನ ಕಡೆ ನೋಡಿದೆ. ಅದು ಬೇರೆ ವಿಷಯ.

ನಿನಗೆ ನೋವಾಗಿದೆ ಎಂದು ಆ ಕಾಗದದ ಗಿಡ್ಡತನದಲ್ಲೇ ಗೊತ್ತಾಯಿತು. ಅಡುಗೆಯಾಕೆಯ ಕಥೆಯನ್ನು ಅಷ್ಟು ಖಾರವಾಗಿ ಬರೆಯಬಾರದಿತ್ತು. ಆದರೆ ಒಂದು ಮಾತು ಹೇಳುತ್ತೇನೆ, ಹೊಟ್ಟೆಗೆ ಹಾಕಿಕೋ. ಎಲ್ಲರಿಗೂ ಗೊತ್ತಿತ್ತು ಎಂದು ನಿನಗೆ ಅವಮಾನವಾಗಿದೆ. ಯಾಕೋ? ಟೇಬಲ್ ಕುಟ್ಟಿದವರು, ಕೈ ಎತ್ತಿದವನು, ಎದುರಿಗೆ ಬಂದು ನಿಂತವಳು, ಇವರೆಲ್ಲ ನಿನ್ನನ್ನು ಆಡಿಕೊಂಡವರಲ್ಲ. ಗೊತ್ತಿದ್ದರಿಂದ ತಾನೇ ನಿನ್ನನ್ನು ಲಾರಿಗೆ ಸಿಗದ ಹಾಗೆ ನೋಡಿಕೊಂಡರು? ಗೊತ್ತಿಲ್ಲದ ಒಬ್ಬಳು ಹುಡುಗಿ ಮಾತ್ರ ನಿನ್ನ ತಲೆಯಾಟ ನಂಬಿ ಪೆಡಲ್ ಒತ್ತಿದಳು. ನಮ್ಮ ಕಷ್ಟ ನಾಲ್ಕು ಜನಕ್ಕೆ ಗೊತ್ತಿರುವುದು ಒಳ್ಳೆಯದು. ಮುಚ್ಚಿಟ್ಟುಕೊಂಡು ದೊಡ್ಡಸ್ತಿಕೆ ಮಾಡುವುದರಲ್ಲಿ ಏನೂ ಇಲ್ಲ.

ಯಂತ್ರ ಹಾಕಿಕೊಳ್ಳುತ್ತಿದ್ದೀಯಾ?

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದು ಹುಡುಗಿಯರು ಊರಿಗೆ ಹೋದ ಮೇಲೆ ನನ್ನದೂ ಸಣ್ಣ ಕೆಲಸವೊಂದಿದೆ. ಆಗುತ್ತದೋ ಇಲ್ಲವೋ, ನೋಡಬೇಕು. ಅದು ಮುಗಿದರೆ ಮೇ ತಿಂಗಳಲ್ಲಿ ನೀನೂ ಹೆಂಡತಿಯೂ ಬನ್ನಿ.

ಅಕ್ಕ


ಮಾರ್ಚ್ 9

ಅಕ್ಕನಿಗೆ ನಮಸ್ಕಾರ.

ಯಂತ್ರ ಹಾಕಿಕೊಂಡಿದ್ದೇನೆ. ಮೊದಲ ದಿನ ನನ್ನದೇ ಅಗಿಯುವ ಸದ್ದು ಕೇಳಿ ಬೆಚ್ಚಿಬಿದ್ದೆ. ಅಭ್ಯಾಸವಾದ ಮೇಲೆ ಹೊಲಿಗೆ ಹಾಲಿಗೆ ವಾಪಸು ಕರೆಯುತ್ತೇನೆ ಎಂದು ಮ್ಯಾನೇಜರು ಹೇಳಿದ್ದಾರೆ. ಕಿವಿಯಾರೆ ಕೇಳಿಸಿಕೊಂಡೆ. ಆ ಹುಡುಗಿಗೆ ತಪ್ಪಾಯಿತು ಎಂದೂ ಹೇಳಿದೆ.

ನೀನು ಎರಡು ಮಾತು ಬರೆದಿದ್ದೆ. ಮೊದಲು ಗೊತ್ತಿಲ್ಲದೆ, ಈ ಕಳ್ಳತನದಿಂದಲೇ ಗೊತ್ತಾದವರು ಯಾರಾದರೂ ಇದ್ದರೆ ಹುಡುಕು, ಅವರೇ ನಿಜವಾದ ಸಾಕ್ಷಿ ಎಂದು ಒಂದು. ನಮ್ಮ ಕಷ್ಟ ನಾಲ್ಕು ಜನಕ್ಕೆ ಗೊತ್ತಿರುವುದು ಒಳ್ಳೆಯದು ಎಂದು ಇನ್ನೊಂದು. ಎರಡನ್ನೂ ನೀನೇ ಬರೆದದ್ದು, ಆಮೇಲೆ ತಿರುಗಿಬೀಳಬೇಡ.

ಅಂಥ ಒಬ್ಬ ಸಿಕ್ಕಿದ್ದಾನೆ. ಅವನ ಹೇಳಿಕೆಯನ್ನು ಅರ್ಜಿಯ ಜೊತೆ ಇಟ್ಟಿದ್ದೇನೆ. ಇಲ್ಲೂ ಬರೆಯುತ್ತೇನೆ.

"ಕೆಳಗೆ ಸಹಿ ಮಾಡಿರುವ ನಾನು, ಅರ್ಜಿದಾರಳ ತಮ್ಮ, ಈ ಮೂಲಕ ತಿಳಿಸುವುದೇನೆಂದರೆ: ನನ್ನ ಅಕ್ಕನಿಗೆ ಸ್ತನದಲ್ಲಿ ಗಡ್ಡೆ ಇದೆ ಎಂದೂ, ಅದರ ಶಸ್ತ್ರಚಿಕಿತ್ಸೆಯನ್ನು ಅವಳು ಎರಡು ಸಲ ರದ್ದು ಮಾಡಿಸಿದ್ದಾಳೆ ಎಂದೂ ನನಗೆ ಮೊದಲು ಗೊತ್ತಿರಲಿಲ್ಲ. ಇದು ನನಗೆ ಜನವರಿ ಹನ್ನೊಂದರಂದು ತಿಳಿಯಿತು. ಅವಳು ಹೇಳಲಿಲ್ಲ. ಬೇರೆ ಯಾರೂ ಹೇಳಲಿಲ್ಲ. ಕಳ್ಳರೂ ಹೇಳಲಿಲ್ಲ. ದಾಖಲೆ ಸೋರಿದ್ದಕ್ಕೆ ನಮ್ಮ ತಾಯಿಯ ಹೆಸರಿಗೆ ಕ್ಷಮೆ ಕೇಳಿ ಬರೆದ ಕಾಗದದಲ್ಲಿ ಆಸ್ಪತ್ರೆಯವರೇ ತಿಳಿಸಿದರು. ಇದು ಸತ್ಯ."

ಕೆಳಗೆ ಸಹಿ ಇದೆ. ನಿನ್ನ ಹೆಸರಿನ ಎರಡನೇ ದರ್ಜೆಯ ಅರ್ಜಿ ಇದರ ಜೊತೆಗಿದೆ, ಎಲ್ಲವನ್ನೂ ತುಂಬಿದ್ದೇನೆ. ಈ ವಿಷಯ ಆ ವ್ಯಕ್ತಿಗೆ ತಿಳಿದದ್ದರಿಂದ ಅರ್ಜಿದಾರರಿಗೆ ಆದ ನಷ್ಟ ಎಂಬ ಕಾಲಂ ಒಂದನ್ನು ನಿನಗೆ ಬಿಟ್ಟಿದ್ದೇನೆ. ಅದನ್ನು ನೀನೇ ಬರೆಯಬೇಕು.

ಅರ್ಜಿ ಹಾಳಾಗಿ ಹೋಗಲಿ. ನನಗೆ ಭಯವಾಗಿದೆ ಅಕ್ಕಾ. ಹೋಗಿ ದಿನಾಂಕ ತೆಗೆದುಕೋ.

ನಿನ್ನ ತಮ್ಮ


ಮಾರ್ಚ್ 21

ಅಕ್ಕಾ,

ಉತ್ತರ ಬಂದಿಲ್ಲ. ಬೈದಾದರೂ ಬರೆ. ನಿನ್ನೆ ಹಾಸ್ಟೆಲ್ಲಿಗೆ ಫೋನು ಮಾಡಿಸಿದೆ, ಹೆಂಡತಿ ಮಾತಾಡಿದಳು. ಮೇಡಂ ಹೊರಗೆ ಹೋಗಿದ್ದಾರೆ ಎಂದರಂತೆ. ಎಲ್ಲಿಗೆ ಎಂದು ಹೇಳಲಿಲ್ಲವಂತೆ.

ತಮ್ಮ


ಮಾರ್ಚ್ 28

ತಮ್ಮನಿಗೆ ಆಶೀರ್ವಾದ.

ಮೊದಲು ಬೈಗುಳ ಮುಗಿಸುತ್ತೇನೆ. ಜನವರಿಯಿಂದ ಗೊತ್ತಿದ್ದೂ ಮೊಣಕಾಲು ಮೊಣಕಾಲು ಎಂದು ಕೇಳುತ್ತಿದ್ದೆಯಲ್ಲ, ನಿನಗೆ ನಾಚಿಕೆ ಆಗಲಿಲ್ಲವೇ? ಬೇರೇನೂ ಇರಲಿಲ್ಲ ಎಂದು ಬರೆದೆಯಲ್ಲ! ಆ ಸಾಲು ಓದಿ ನಾನು ನೆಮ್ಮದಿಯಾಗಿ ಉಸಿರುಬಿಟ್ಟಿದ್ದೆ. ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಒಂದು ವಾರ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಆಸ್ಪತ್ರೆಯವರನ್ನು ಬೈದೆ. ಕ್ಷಮೆ ಕೇಳುವ ನೆಪದಲ್ಲಿ ಮನೆಯೊಳಗೇ ಬಂದು ಹೇಳಿ ಹೋದವರು. ಆಮೇಲೆ ನನ್ನನ್ನೇ ಬೈದುಕೊಂಡೆ. ನೋಂದಣಿ ಕೌಂಟರಿನ ಹುಡುಗಿ "ಹಳೇ ನಂಬರ್ ಇದ್ರೆ ಫೀಸ್ ಇಲ್ಲ ಆಂಟಿ" ಎಂದಾಗ ನಾನು ಎಷ್ಟು ಖುಷಿಯಿಂದ ಅಮ್ಮನ ನಂಬರು ಹೇಳಿದೆ ಗೊತ್ತೇ?

ಏಕೆ ರದ್ದು ಮಾಡಿಸಿದೆ ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಮೊದಲ ಸಲ ಒಬ್ಬ ಹುಡುಗಿಗೆ ಕಾಮಾಲೆ, ಬಿಟ್ಟು ಹೋಗುವ ಹಾಗಿರಲಿಲ್ಲ. ಅದು ನಿಜ. ಎರಡನೆಯ ಸಲ ಹೋಗಿದ್ದೆ. ಚೀಲದಲ್ಲಿ ಬಟ್ಟೆ, ಚಪ್ಪಲಿ, ಒಂದು ಲೋಟ, ಎಲ್ಲ ಇಟ್ಟುಕೊಂಡು ಹೋಗಿದ್ದೆ. ದಾಖಲು ಮಾಡಿಕೊಳ್ಳುವಾತ "ಜೊತೆಗೆ ಯಾರು ಬಂದಿದ್ದಾರಮ್ಮಾ? ಅವರ ಸಹಿ ಬೇಕು" ಎಂದ. ಬರ್ತಾರೆ ಎಂದೆ. ಬೆಂಚಿನ ಮೇಲೆ ಚೀಲ ಇಟ್ಟುಕೊಂಡು, ಬರುವವರಿದ್ದಾರೆ ಎಂಬಂತೆ ಬಾಗಿಲು ನೋಡುತ್ತಾ ಕೂತೆ. ಯಾರಿಗೆ ಫೋನು ಮಾಡಲಿ? ನಿನಗೆ ಮಾಡಿ ಹೇಳಿದ್ದರೆ ಒಳ್ಳೇದಾಯ್ತು ಬಿಡು ಎನ್ನುತ್ತಿದ್ದೆ. ಕಾಗದದಲ್ಲಿ ಬರೆಯುವ ಮಾತಲ್ಲ ಅದು. ಎದ್ದು ಹೋಗಿ ಇವತ್ತು ಅನುಕೂಲವಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ನೀವು ಬೇಡವಾಗಿ ಹೇಳದೆ ಇದ್ದದ್ದಲ್ಲ ಕಣೋ. ಚಿಕ್ಕವನಿದ್ದಾಗ ನಿನ್ನ ಚಡ್ಡಿಯ ಗುಂಡಿ ಹಾಕಿದವಳು ನಾನು. ಅಂಥವಳು ನಿನ್ನ ಮುಂದೆ ಹೇಗೆ ಬಾಯಿಬಿಡಲಿ ಎನಿಸಿತು.

ಇಪ್ಪತ್ತರಂದು ನಿನ್ನ ಹೆಂಡತಿ ಫೋನು ಮಾಡಿದಾಗ ನಾನು ಆಸ್ಪತ್ರೆಯಲ್ಲೇ ಇದ್ದೆ. ಡಾಕ್ಟರಮ್ಮ ಚೆನ್ನಾಗಿ ಬೈದಳು. ಗಡ್ಡೆ ಸ್ವಲ್ಪ ದೊಡ್ಡದಾಗಿದೆಯಂತೆ, ಇನ್ನೂ ಕೈಮೀರಿಲ್ಲವಂತೆ, ಇನ್ನು ಮುಂದೂಡುವ ಹಾಗಿಲ್ಲವಂತೆ. ಏಪ್ರಿಲ್ ಆರಕ್ಕೆ ದಿನಾಂಕ ಕೊಟ್ಟಿದ್ದಾಳೆ. ಪರೀಕ್ಷೆ ಅಷ್ಟರಲ್ಲಿ ಮುಗಿದಿರುವುದಿಲ್ಲ. ಹುಡುಗಿಯರಿಗೆ ಇರುವ ವಿಷಯ ಹೇಳಿಬಿಟ್ಟೆ. ನೀವು ಹೋಗಿ ಬನ್ನಿ ಮೇಡಂ, ಪಂಪು ನಾವು ನೋಡಿಕೊಳ್ಳುತ್ತೇವೆ ಎಂದರು.

ನೀವಿಬ್ಬರೂ ಐದಕ್ಕೇ ಬನ್ನಿ. ಕಿವಿಯ ಯಂತ್ರ ಮರೆಯಬೇಡ. ಡಾಕ್ಟರಮ್ಮ ಏನು ಹೇಳುತ್ತಾಳೋ ಕೇಳಿಸಿಕೊಳ್ಳಲು ನನಗೆ ಧೈರ್ಯ ಸಾಲದು, ಅದನ್ನು ನೀನು ಕೇಳಿಸಿಕೊಳ್ಳಬೇಕು. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನು. ತಲೆಯಾಡಿಸಿದರೆ ನೋಡು. ಜನವರಿಯಲ್ಲಿ ನೀನು ನನ್ನ ಸಹಿ ಕೇಳಿದ್ದೆ, ನಾನು ಕೊಡಲಿಲ್ಲ. ಈಗ ಜೊತೆಗೆ ಬಂದವರು ಎಂಬಲ್ಲಿ ನನಗೆ ನಿನ್ನ ಸಹಿ ಬೇಕು.

ಅರ್ಜಿಯ ಮುಂದೆ ಎರಡು ದಿನ ಪೆನ್ನು ಹಿಡಿದು ಕೂತೆ. ನೀನು ಬಿಟ್ಟಿದ್ದ ನಷ್ಟದ ಕಾಲಂ ಒಂದೇ ಉಳಿದಿತ್ತು. ತಮ್ಮನಿಗೆ ಗೊತ್ತಾಯಿತು ಎಂಬುದನ್ನು ನಷ್ಟ ಎಂದು ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟರೆ ಎರಡನೇ ದರ್ಜೆ ಸಿಗುವುದಿಲ್ಲ, ಗೊತ್ತು. ನಿನ್ನ ಹೇಳಿಕೆಯನ್ನು ನಾನೇ ಇಟ್ಟುಕೊಂಡಿದ್ದೇನೆ, ವಾಪಸು ಕೇಳಬೇಡ. ಇಬ್ಬರಿಗೂ ಮೊದಲ ದರ್ಜೆಯೇ ಸಾಕು. ಬರುವಾಗ ನಿನ್ನ ಅರ್ಜಿಯನ್ನೂ ತಾ. ಹೇಗೂ ಎರಡೂ ಅಮ್ಮನ ನಂಬರಿನವೇ. ಒಂದೇ ಲಕೋಟೆಯಲ್ಲಿ ಹಾಕಿ ಕಳಿಸೋಣ, ಅಂಚೆ ಖರ್ಚು ಉಳಿಯುತ್ತದೆ.

ಅಕ್ಕ